ಹಿಂದೆ ಹೋಗು

ಪರ್ರ್ ಅಂತ ಪ್ರೆಷರ್ ಪಟ್ಟಿ ಬಿಚ್ಚಿದ ಸದ್ದು, ಪರದೆಯ ಆಚೆ, ಹಳೆ ಬಟ್ಟೆ ಹರಿದ ಹಾಗೆ, ಅಂತೂ ಬಿಚ್ಚಿದರಲ್ಲ, ನಿನ್ನೆ ಬೆಳಿಗ್ಗೆ ಏಳೂ ಹತ್ತಕ್ಕೆ ಇದೇ ಪರದೆಯ ಹಿಂದೆ ಕಟ್ಟಿದ್ದು, ಇಡೀ ಒಂದು ದಿನ ಇವರ ಎಡತೋಳನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಹಿಂಡಿತು, ಗುರ್ರ್ ಎಂದು ಉಬ್ಬುವುದು, ಹಿಂಡುವುದು, ಉಸ್ಸೆಂದು ಸಡಿಲವಾಗುವುದು, ಹಿಂಡುವಾಗ ಇವರು ಎಲ್ಲಿದ್ದರೆ ಅಲ್ಲೇ ಕೈ ಇಳಿಬಿಟ್ಟು ಕಂಬದ ಹಾಗೆ ನಿಲ್ಲುವುದು, ಹೆಗಲಿಂದ ಇಳಿದ ಬೆಲ್ಟು, ಸೊಂಟದ ಹತ್ತಿರ ಯಂತ್ರದ ಡಬ್ಬಿ — ಥೇಟ್ ಕಂಡಕ್ಟರ್ ಬ್ಯಾಗು ಹಾಕ್ಕೊಂಡ ಹಾಗೆ ಕಾಣ್ತೀರಿ ನೋಡ್ರೀ, ಅಂದೆ ನಿನ್ನೆ, ನಗಲಿಲ್ಲ. ಮೊದಲಾಗಿದ್ದರೆ ಬೆರಳ ಸಂದಿಗೆ ಬಸ್ ಪಾಸು ಸಿಕ್ಕಿಸಿಕೊಂಡು ಟಿಕೆಟ್ ಟಿಕೆಟ್ ಎಂದು ಅಡುಗೆಮನೆಯವರೆಗೂ ಬರುತ್ತಿದ್ದ ಮನುಷ್ಯ, ಈಗ ಅಕ್ಕಪಕ್ಕ ನೋಡಿ, ಮೆಲ್ಲಗೆ ಕಣೇ, ಅಷ್ಟೇ. ಮೆಲ್ಲಗೆ ಕಣೇ. ಎರಡು ತಿಂಗಳಿಂದ ಇದೊಂದೇ ಮಾತು, ಬಸ್ಸಿನಲ್ಲಿ ಮೆಲ್ಲಗೆ, ಅಂಗಡಿಯಲ್ಲಿ ಮೆಲ್ಲಗೆ, ಮೆಟ್ಟಿಲ ಮೇಲೆ ಮೆಲ್ಲಗೆ, ನನಗೆ ಮೆಲ್ಲಗೆ ಬರುತ್ತದೆಯೇ, ಊರಿನ ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಮೇಷ್ಟ್ರು ನನ್ನನ್ನೇ ಎದ್ದು ನಿಲ್ಲಿಸುತ್ತಿದ್ದರು, ಹಿಂದಿನ ಬೆಂಚಿಗಷ್ಟೇ ಅಲ್ಲ ಹಿಂದಿನ ಬೀದಿಗೂ ಕೇಳಲಿ ಎಂದು, ಆ ಗಂಟಲು ಇದು, ಆಮೇಲೆ ಹದಿನೆಂಟು ವರ್ಷ ಹೋಟೆಲಿನ ಲಾಂಡ್ರಿಯಲ್ಲಿ, ದುಪ್ಪಡಿ ಇಸ್ತ್ರಿ ಮಾಡುವ ಆ ರಾಕ್ಷಸ ರೋಲರಿನ ಸದ್ದಿನ ಮೇಲೆ ಕೂಗಿ ಕೂಗಿ ಇನ್ನಷ್ಟು ಗಟ್ಟಿಯಾಗಿದೆ, ಇದನ್ನು ತಿರುಗಿಸಿ ಕಡಿಮೆ ಮಾಡಲು ಗುಂಡಿ ಎಲ್ಲಿದೆ.

ಈ ಕುರ್ಚಿಯೋ, ಕೂತರೆ ಕಿರ್ ಅನ್ನುತ್ತದೆ, ಎದ್ದರೂ ಕಿರ್ ಅನ್ನುತ್ತದೆ, ಎದುರಿಗೆ ಪ್ಲಾಸ್ಟಿಕ್ ಗಿಡ, ಅದರ ಬುಡಕ್ಕೆ ಯಾರೋ ಪುಣ್ಯಾತ್ಮರು ನೀರು ಹಾಕಿದ್ದಾರೆ, ಕುಂಡದ ಕೆಳಗೆ ತಟ್ಟೆ ತುಂಬಿದೆ, ಇವರಿಗೆ ತೋರಿಸಬೇಕು, ನಗುತ್ತಾರೇನೋ — ಇಲ್ಲ, ನಗುವುದಿಲ್ಲ. ಪರದೆ ನೆಲದವರೆಗೆ ಇಲ್ಲ, ಕೆಳಗೆ ಇವರ ಕಾಲು ಕಾಣುತ್ತದೆ, ನೀಲಿ ಕಾಲುಚೀಲ, ಹೆಬ್ಬೆರಳ ಹತ್ತಿರ ನಾನು ಹಾಕಿದ ಹೊಲಿಗೆ. ಹೋದ ವಾರ ಇದೇ ಕಾಲುಚೀಲ ಹಾಕಿಕೊಳ್ಳುತ್ತಾ, ಒಂದು ಕಾಲಿಗೆ ಹಾಕಿ ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು, ಹೋಗೋಣ್ವಾ, ಅಂದರು, ಇನ್ನೂ ಏಳೂವರೆ ಕಣ್ರೀ ಇಷ್ಟು ಬೇಗ ಏನು, ಅಂದೆ, ಕೆಲಸಕ್ಕಲ್ಲ, ವಾಪಸ್, ಅಂದರು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆದಮೇಲೆ, ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ವಾಪಸ್. ಮಗಳಿಗೆ ಫೋನ್ ಮಾಡಿದರೆ, ನೀವು ಹೋಗಬಹುದಮ್ಮ, ನೀವು ಎಲ್ಲಿಂದಲೋ ಬಂದೋರು, ನಾನು ಹುಟ್ಟಿದ್ದೇ ಇಲ್ಲಿ, ನಾನು ಯಾವ ಕಡೆ ವಾಪಸ್ ಹೋಗ್ಲಿ, ಅಂದಳು, ಅವಳೂ ಅತ್ತಳು ನಾನೂ ಬೈದೆ, ನನಗೆ ಅಳು ಬಂದಾಗ ಬೈಗುಳವೇ ಬರುವುದು. ಆಮೇಲೆ ಇವರ ಮುಂದೆ ನಿಂತು ಹೇಳಿದೆ, ನಿಮ್ಮ ತಲೆ ಹೇಳೋದನ್ನ ನಾನು ಕೇಳಲ್ಲ ರೀ, ನಿಮ್ಮ ತೋಳು ಹೇಳಲಿ, ಆ ಕ್ಲಿನಿಕ್ಕಿನವರು ಒಂದು ದಿನ ಪಟ್ಟಿ ಕಟ್ಟಿ ನೋಡಬೇಕು ಅಂತಿದಾರಲ್ಲ, ಕಟ್ಟಿಸಿಕೊಳ್ಳಿ, ಪ್ರೆಷರ್ ಜಾಸ್ತಿ ಅಂತ ಬಂದರೆ ಈ ಊರು ನಿಮಗೆ ಆಗಿಬರಲ್ಲ ಅಂತ ಒಪ್ಕೋತೀನಿ, ಗಂಟುಮೂಟೆ ನಾನೇ ಕಟ್ತೀನಿ, ಸರಿ ಇದೆ ಅಂತ ಬಂದರೆ ಬಾಯಿ ಮುಚ್ಕೊಂಡು ಇಲ್ಲೇ ಇರಬೇಕು. ಬಾಯಿ ಮುಚ್ಕೊಂಡೇ ಇದೀನಲ್ಲೇ, ಅಂದರು.

ಬಂದಳು ನರ್ಸ್ ಹುಡುಗಿ, ಐಸ್ ಹಿಡಿದು ಬಂದವಳ ಹಾಗೆ ತಣ್ಣಗಿನ ಕೈ, ಮುಖ ಮಾತ್ರ ಬೆಚ್ಚಗಿದೆ, ಕೈಯಲ್ಲಿ ಹಾಳೆ, ಒಂದು ತೊಂದರೆ ಆಗಿದೆ, ಅನ್ನುತ್ತಾಳೆ, ಪ್ರತಿ ಸಲ ಪಟ್ಟಿ ಹಿಂಡಿದಾಗ ಏನು ಮಾಡುತ್ತಿದ್ದೆ ಅಂತ ಬರೀರಿ ಅಂದಿದ್ದೆ, ನಿಮ್ಮ ಮನೆಯವರು ಬರೆದಿದ್ದಾರೆ, ಪಾಪ ಒಂದೂ ಬಿಟ್ಟಿಲ್ಲ, ಆದರೆ ನೋಡಿ — ನೋಡಿದೆ, ಅಯ್ಯೋ ನನ್ನ ಕರ್ಮವೇ, ಇವರು ಎಲ್ಲವನ್ನೂ ನಮ್ಮ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ, ಊರಿನಲ್ಲಿ ಕಂಡಕ್ಟರಾಗಿದ್ದಾಗ ಟ್ರಿಪ್ ಶೀಟಿನಲ್ಲಿ ಬರೆಯುತ್ತಿದ್ದರಲ್ಲ ಅದೇ ಕೋಳಿಕಾಲಿನ ಸಣ್ಣ ಅಕ್ಷರ, ಸಾಲಿನ ಮೇಲೆ ಒಂದಿಷ್ಟೂ ಆಚೀಚೆ ಇಲ್ಲ. ಇವರಿಗೆ ಇಲ್ಲಿಯ ಭಾಷೆ ಬರೆಯಲು ಬಾರದು ಅಂತೇನಲ್ಲ, ಡಿಪೋದಲ್ಲಿ ಅರ್ಜಿ ತುಂಬಿಸಿಕೊಳ್ಳಲು ನಾಲ್ಕು ಜನ ಇವರ ಹತ್ತಿರವೇ ಬರುತ್ತಾರೆ, ಮತ್ತೆ ಯಾಕೆ — ಓಹೋ. ಇಲ್ಲಿ ಯಾರಿಗೂ ಓದಲು ಬರುವುದಿಲ್ಲ, ಅದಕ್ಕೇ ಬರೆದಿದ್ದಾರೆ. ಬಾಯಲ್ಲಿ ಆಡಲು ಹೆದರಿದ್ದನ್ನು ಹಾಳೆಯ ಮೇಲೆ ಇಳಿಸಿದ್ದಾರೆ, ಹಾಳೆ ಮಾತಾಡುವುದಿಲ್ಲ, ಹಾಳೆ ಮೆಲ್ಲಗಿರುತ್ತದೆ. ಈ ಹುಡುಗಿ ತಂದು ನನ್ನ ಕೈಗೇ ಕೊಡುತ್ತಾಳೆ ಎಂದು ಅವರೇನು ಕನಸು ಕಂಡಿದ್ದರೇ. ನೀವು ಸ್ವಲ್ಪ ಓದಿ ಹೇಳ್ತೀರಾ, ಅನ್ನುತ್ತಾಳೆ, ಪೆನ್ನು ಬಿಚ್ಚಿ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟಳು, ಕಿರ್.

ಪರದೆಯ ಸಂದಿಯಲ್ಲಿ ಇವರ ಬಲಗೈ, ಮಂಚದ ಕಬ್ಬಿಣದ ಚೌಕಟ್ಟಿನ ಮೇಲೆ ಸುಮ್ಮನೆ ಇಟ್ಟಿದ್ದಾರೆ, ಸತ್ತ ಮೀನಿನ ಹಾಗೆ ಇದೆ, ಆ ಕೈ ಹೀಗೆ ಸುಮ್ಮನೆ ಇರುವ ಕೈಯೇ ಅಲ್ಲ, ತೋರುಬೆರಳು ಮಡಚಿ ಗೆಣ್ಣಿನಿಂದ ಬಸ್ಸಿನ ತಗಡಿಗೆ ಟಕ್, ನಿಲ್ಲಿಸು, ಟಕ್ ಟಕ್, ಹೊರಡು — ಎಲ್ಲರೂ ಸೀಟಿ ಊದುತ್ತಿದ್ದರು, ಇವರದು ಗೆಣ್ಣು, ಸೀಟಿ ಊದಿದರೆ ಹಲ್ಲು ಜುಮ್ ಅನ್ನುತ್ತೆ ಅಂತ ನೆಪ, ಇಡೀ ರೂಟಿಗೇ ಗೊತ್ತಿತ್ತು, ಆ ಗೆಣ್ಣಿನಲ್ಲಿ ಸಣ್ಣ ಗೋಲಿಯಷ್ಟು ಜಡ್ಡು, ಮದುವೆಯಾದ ಹೊಸದರಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಟೈಲರಿಂಗ್ ಕಲಿಯಲು ಹೋಗುವ ಬಸ್ಸು, ನಾನು ಬಾಗಿಲ ಹತ್ತಿರ ನಿಂತಿದ್ದೆ, ಹಿಂದೆ ಹೋಗಿ ಹಿಂದೆ ಹೋಗಿ ಎಂದು ಬಂದರು, ನನ್ನ ಹತ್ತಿರ ಬಂದು, ಹಿಂದೆ ಹೋಗಮ್ಮ, ಅಂದರು, ಹಿಂದೆ ಏನು ನಿಮ್ಮಪ್ಪ ಕುರ್ಚಿ ಹಾಕಿಸಿಟ್ಟಿದಾನಾ, ಅಂದೆ, ಇವರು ನನ್ನ ಮುಖ ನೋಡಿದರು, ಟಿಕೆಟ್ಟು ಹರಿಯುವುದನ್ನೂ ಮರೆತರು, ಮಾರನೇ ದಿನ ಹತ್ತಿದರೆ ಕೊನೆಯ ಸಾಲಿನ ಕಿಟಕಿ ಸೀಟಿನ ಮೇಲೆ ಒಂದು ಕರವಸ್ತ್ರ, ನಮ್ಮಪ್ಪ ಅಲ್ಲ ನಾನೇ ಹಾಕಿದೀನಿ, ಹಿಂದೆ ಹೋಗಿ, ಅಂದರು. ಹಿಂದೆ ಹೋಗಿ. ಅದು ನಮ್ಮಿಬ್ಬರ ಮಾತು, ಇವರು ನನಗೆ ಆಡಿದ ಮೊದಲ ಮಾತು, ಬೇರೆಯವರ ಗಂಡಂದಿರು ಏನೇನು ಅಂದಿದ್ದರೋ, ನನ್ನವರು ಅಂದದ್ದು ಹಿಂದೆ ಹೋಗಿ. ಇಲ್ಲಿ ಬಂದ ಮೇಲೂ ಗೆಣ್ಣು ಬಿಡಲಿಲ್ಲ, ಡಿಪೋದಲ್ಲಿ ಬಸ್ ತೊಳೆಯುವ ಕೆಲಸ, ತೊಳೆದಾದ ಮೇಲೆ ಬಸ್ಸಿನ ಬೆನ್ನಿಗೆ ಟಕ್ ಟಕ್, ಇಲ್ಲಿಯ ಡ್ರೈವರುಗಳೂ ಕಲಿತುಬಿಟ್ಟರು, ಇವರು ತಟ್ಟದೆ ಗಾಡಿ ತೆಗೆಯುತ್ತಿರಲಿಲ್ಲವಂತೆ, ಮನೆಯಿಂದ ಹೊರಡುವಾಗ ಅಡುಗೆಮನೆಯ ಚೌಕಟ್ಟಿಗೆ ಟಕ್ ಟಕ್, ಸಂಜೆ ಬಂದಾಗ ಬಾಗಿಲಿಗೆ ಒಂದೇ ಟಕ್, ಬಂದೆ, ನಮ್ಮ ಸ್ಟಾಪು ಇದೇ. ಎರಡು ತಿಂಗಳಾಯಿತು, ಬೀಗದ ಕೈಯಿಂದ ಸದ್ದಾಗದ ಹಾಗೆ ಬಾಗಿಲು ತೆಗೆದು ಕಳ್ಳನ ಹಾಗೆ ಒಳಗೆ ಬರುತ್ತಾರೆ, ಸ್ವಂತ ಮನೆಗೆ.

ಆ ಚೀಟಿ. ನಮ್ಮ ಬಾಗಿಲಿಗೆ ಅಂಟಿಸಿದ್ದು, ಅಷ್ಟು ದಪ್ಪ ಅಕ್ಷರ, ನಮ್ಮ ಅಕ್ಷರ, ಹಿಂದೆ ಹೋಗು. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನ ಗೋಡೆಯ ಮೇಲೆ ನಮ್ಮ ಅಕ್ಷರ ನೋಡಿದ್ದು ಅದೇ ಮೊದಲು, ಒಂದು ಗಳಿಗೆ, ದೇವರಾಣೆ, ನನಗೆ ಖುಷಿಯೇ ಆಯಿತು, ಯಾರೋ ನಮ್ಮವರು ಬಂದಿದ್ದಾರೆ ಅಂದುಕೊಂಡೆ, ಆಮೇಲೆ ಓದಿದೆ. ಇವರು ನಕ್ಕರು ಮೊದಲು, ಹಿಂದೆ ಸೀಟು ಖಾಲಿ ಇದೆಯಂತೆ ಕಣೇ, ಅಂದರು, ಇಲ್ಲಿಯವರ ಭಾಷೆಯಲ್ಲಿ ಹಿಂದಕ್ಕೂ ವಾಪಸ್ಸಿಗೂ ಒಂದೇ ಮಾತು, ಯಾವನೋ ಫೋನಿನಲ್ಲಿ ಅನುವಾದದ ಗುಂಡಿ ಒತ್ತಿದ್ದಾನೆ, ಫೋನು ಕಂಡಕ್ಟರ್ ಆಗಿದೆ. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೇ, ಹೋಗು ಅಂತೆ ಹೋಗು, ಹೋಗಿ ಅಂದಿದ್ದರೆ ಅವನ ಬಾಯಿ ಸವೆಯುತ್ತಿತ್ತಾ, ಐವತ್ತು ದಾಟಿದವರಿಗೆ ಏಕವಚನ, ಓಡಿಸುವುದಕ್ಕೂ ಒಂದು ಮರ್ಯಾದೆ ಬೇಡವೇ — ಮೆಟ್ಟಿಲ ಮೇಲೆ ನಿಂತು ಮೂರು ಅಂತಸ್ತಿಗೂ ಕೇಳುವ ಹಾಗೆ ಕೂಗಿದೆ, ಆಗಲೇ ಇವರು ನಗು ನಿಲ್ಲಿಸಿದ್ದು. ಚೀಟಿ ಕಿತ್ತು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟರು, ಒಳಗೆ ಬಂದು ಬಾಗಿಲು ಹಾಕಿ, ಅವನಿಗೆ ನಮ್ಮದು ಯಾವ ಭಾಷೆ ಅಂತ ಗೊತ್ತಿದೆ ಕಣೇ, ಅಂದರು. ಅಷ್ಟೇ ಅಂದದ್ದು. ನನಗೆ ಆಗ ಹೊಳೆಯಲಿಲ್ಲ, ಗೊತ್ತಿದ್ದರೆ ಗೊತ್ತಿರಲಿ ಬಿಡಿ, ಅಂದೆ. ಟಿವಿಯಲ್ಲಿ ದಿನಾ ಕಿರುಚುತ್ತಾನಲ್ಲ, ಎಲೆಕ್ಷನ್ನಿಗೆ ನಿಂತವನು, ನಾನು ಅವನಿಗೆ ಇಟ್ಟಿರುವ ಹೆಸರು ಟೈಯಪ್ಪ, ಹೊರಗಿನವರು ಹೊರಗಿನವರು ಎಂದು ಕೂಗಿದರೆ ಅವನ ಕತ್ತಿನ ಟೈ ನಾಯಿಯ ನಾಲಿಗೆಯ ಹಾಗೆ ಅಲ್ಲಾಡುತ್ತದೆ, ಅವನಿಗೆ ನಾವೆಲ್ಲ ಒಂದೇ, ಹೊರಗಿನವರು, ಅದಕ್ಕೆ ಇವರು ಚಾನೆಲ್ ಬದಲಾಯಿಸಿ ಬಿಡುತ್ತಿದ್ದರು. ಆದರೆ ಚೀಟಿ ಅಂಟಿಸಿದವನು ಟಿವಿಯೊಳಗಿಲ್ಲ, ಅವನು ಹತ್ತಿರ ಇದ್ದಾನೆ, ಕಿವಿ ಕೊಟ್ಟು ಕೇಳಿದ್ದಾನೆ, ಭಾಷೆಯ ಹೆಸರು ತಿಳಿದುಕೊಂಡಿದ್ದಾನೆ. ಯಾರು ಹೇಳಿದರು ಅವನಿಗೆ. ನಾನೇ. ಇನ್ಯಾರು. ಕೆಳಗಿನ ಮನೆಯ ಅಜ್ಜಿ ಕೇಳಿದರೆ ಹೇಳಿದ್ದೇನೆ, ತರಕಾರಿ ಅಂಗಡಿಯವನು ಕೇಳಿದರೆ ಹೇಳಿದ್ದೇನೆ, ಲಿಫ್ಟಿನಲ್ಲಿ ಸಿಗುವ ಮೀಸೆಯವನಿಗೆ ಅವನ ಫೋನಿನಲ್ಲೇ ಹುಡುಕಿ ತೋರಿಸಿದ್ದೇನೆ, ನೋಡಿ ಎಷ್ಟು ಚೆಂದ, ಜಿಲೇಬಿಯ ಹಾಗೆ ಗುಂಡು ಗುಂಡು ಅಕ್ಷರ ಅಂತ, ಹೆಮ್ಮೆ ನನಗೆ. ಈಗ ಅಜ್ಜಿ ನಕ್ಕರೂ ಅಂಟಿಸಿದ್ದು ಇವರೋ ಎನ್ನಿಸುತ್ತದೆ, ಮೀಸೆಯವನು ಬಾಗಿಲು ಹಿಡಿದು ನಿಂತರೂ ಇವನೋ ಎನ್ನಿಸುತ್ತದೆ, ಅಜ್ಜಿ ಹೋದ ತಿಂಗಳು ಸಕ್ಕರೆ ಕೇಳಲು ಬಂದರೆ ಬಾಗಿಲು ಅರ್ಧ ತೆರೆದು ಕೊಟ್ಟೆ, ನಾನು, ಅರ್ಧ ಬಾಗಿಲು, ಥೂ.

ಓದಿ ಹೇಳ್ತೀರಾ, ಅನ್ನುತ್ತಾಳೆ ಮತ್ತೆ, ಹೂಂ ಕಣಮ್ಮ ಓದ್ತೀನಿ, ಕನ್ನಡಕ ಎಲ್ಲಿ, ತಲೆ ಮೇಲೇ ಇದೆ. ಏಳೂ ಮೂವತ್ತು, ಕ್ಲಿನಿಕ್ಕಿನಿಂದ ನಡೆದೆ, ಜೊತೆಗೆ ಇವಳು — ಪಕ್ಕದಲ್ಲಿ ಯಂತ್ರದ ಅಂಕಿ, ಹುಡುಗಿ ಕೆಂಪಿನಲ್ಲಿ ಬರೆದದ್ದು, ನೂರ ನಲವತ್ತೆರಡು. ಅವಳಿಗೆ ಅವಳ ಭಾಷೆಯಲ್ಲಿ ಹೇಳುತ್ತೇನೆ, ನಡೀತಾ ಇದ್ದರು, ಅವಳು ಬರೆದುಕೊಳ್ಳುತ್ತಾಳೆ. ಏಳೂ ಐವತ್ತು, ಬಸ್ಸಿಗೆ ಕಾಯುತ್ತಿದ್ದೆ, ನೂರ ಐವತ್ತು. ಮುಂದಿನದು ಎಂಟೂ ಹತ್ತು, ಹುಡುಗಿ ಅದರ ಸುತ್ತ ಗುಂಡಗೆ ಗೆರೆ ಎಳೆದಿದ್ದಾಳೆ, ನೂರ ಎಂಬತ್ತೆರಡು, ಇಲ್ಲಿ ಏನಾಯ್ತು ನೋಡಿ ಹೇಳಿ, ಇದೇ ಎಲ್ಲಕ್ಕಿಂತ ಹೆಚ್ಚು, ಅನ್ನುತ್ತಾಳೆ. ಎಂಟೂ ಹತ್ತು, ಬಸ್ ಸ್ಟಾಪು. ಏನೂ ಆಗಲಿಲ್ಲ. ಇವಳು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಒಬ್ಬ ತಿರುಗಿ ನೋಡಿದ. ಏನೂ ಆಗಲಿಲ್ಲ.

ಏನೂ ಆಗಲಿಲ್ಲ, ಎರಡು ಸಲ ಬರೆದಿದ್ದಾರೆ. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದೆ. ಏನು ಮಾತಾಡುತ್ತಿದ್ದೆ ನಾನು ನಿನ್ನೆ, ತಂಗಿಯ ಬ್ಲೌಸು, ಟೈಲರು ತೋಳು ಬಿಗಿ ಮಾಡಿಬಿಟ್ಟಿದ್ದಾನೆ ಅಕ್ಕಾ, ಎತ್ತಿದ ಕೈ ಇಳಿಸೋಕಾಗಲ್ಲ, ಅಂದಳು, ಬಿಗಿ ಇದ್ದರೆ ಹೊಲಿಗೆ ಬಿಚ್ಚಿಸೇ, ತೋಳು ಕಟ್ಟಿಸಿಕೊಂಡು ಯಾಕೆ ಸಾಯ್ತೀಯಾ, ಅಂತ ಕೂಗುತ್ತಿದ್ದೆ, ಮೂರು ಅಡಿ ದೂರದಲ್ಲಿ ಇವರ ತೋಳು ಹಿಂಡಿಸಿಕೊಳ್ಳುತ್ತಾ ನಿಂತಿತ್ತು, ನೂರ ಎಂಬತ್ತೆರಡು. ತಿರುಗಿ ನೋಡಿದವನು ಟೋಪಿಯವನು, ನನಗೂ ನೆನಪಿದೆ, ಅವನು ಬಸ್ಸು ಬಂತಾ ಅಂತ ನೋಡಿದ್ದು ಕಣ್ರೀ, ನನ್ನನ್ನಲ್ಲ, ಬಸ್ಸನ್ನು. ಎದುರು ಗೋಡೆಯ ಮೇಲೆ ಟೈಯಪ್ಪನ ಪೋಸ್ಟರು, ಅವನು ಮಾತ್ರ ನೋಡುತ್ತಲೇ ಇದ್ದ, ಇಡೀ ಹಲ್ಲು ಬಿಟ್ಟುಕೊಂಡು. ಆ ಮನುಷ್ಯ ನಮಗೆ ಒಂದು ಉಗುರೂ ತಾಗಿಸಿಲ್ಲ, ಎದುರಿಗೆ ಬಂದು ಒಂದು ಮಾತು ಆಡಿಲ್ಲ, ಬಂದಿದ್ದರೆ ಅವನ ಟೈ ಅವನ ಬಾಯಿಗೇ ತುರುಕಿ ಕಳಿಸುತ್ತಿದ್ದೆ, ಬರಲಿಲ್ಲ, ಸುಮ್ಮನೆ ಟಿವಿಯಲ್ಲಿ ಕೂತು ನನ್ನ ಗಂಡನ ತೋಳಿನೊಳಗೆ ಕೈ ಹಾಕಿದ, ರಕ್ತನಾಳ ಹಿಡಿದು ಹಿಂಡಿದ, ಹಿಂಡುವುದಕ್ಕೆ ಉಪಯೋಗಿಸಿದ್ದು ನನ್ನ ದನಿಯನ್ನೇ. ಮೆಲ್ಲಗೆ ಕಣೇ, ಅಂದಾಗಲೆಲ್ಲ ನನಗೆ ಅವಮಾನ, ನನ್ನ ಬಗ್ಗೆ ಇವರಿಗೆ ನಾಚಿಕೆ ಅಂದುಕೊಂಡೆ, ಹೋದ ಭಾನುವಾರ ಜಗಳವನ್ನೂ ಆಡಿದೆ, ನಾಚಿಕೆ ಅಲ್ಲವೇ ಅಲ್ಲ, ಹೆದರಿಕೆ, ತನಗಲ್ಲ, ನನಗೆ ಏನಾದರೂ ಮಾಡಿಯಾರು ಎಂದು, ಬಾಯಿಬಡುಕಿ ಹೆಂಡತಿಯನ್ನು ಬೀದಿಯಲ್ಲಿ ಜೊತೆಗೆ ಕರೆದುಕೊಂಡು ಹೋಗುವವನು, ಗಾಳಿಯಲ್ಲಿ ದೀಪ ಹಿಡಿದವನ ಹಾಗೆ, ಎರಡು ತಿಂಗಳಿಂದ, ನನಗೆ ಗೊತ್ತೇ ಇಲ್ಲ.

ಏನಾಯ್ತು ಅಲ್ಲಿ, ಅನ್ನುತ್ತಾಳೆ ಹುಡುಗಿ, ಕೆಟ್ಟ ಸುದ್ದಿ ಬಂತಾ ಫೋನಿನಲ್ಲಿ. ಬಸ್ಸು ತಡ ಆಯ್ತು ಅಂತ ಬರೆಸಿಬಿಡಲೇ, ಮುಗಿದುಹೋಗುತ್ತದೆ, ಕೌಂಟರಿನವಳು ಕೇಳಿಸಿಕೊಳ್ಳುತ್ತಿದ್ದಾಳೆ, ಮೂಲೆಯಲ್ಲಿ ಕೂತು ಕೆಮ್ಮುವ ಮುದುಕ ಕೇಳಿಸಿಕೊಳ್ಳುತ್ತಿದ್ದಾನೆ, ಪರದೆಯ ಕೆಳಗೆ ಒಂದು ಕಾಲುಚೀಲ ಇನ್ನೊಂದರ ಮೇಲೆ ಹತ್ತಿ ಕೂತಿದೆ, ಇವರೂ ಕೇಳಿಸಿಕೊಳ್ಳುತ್ತಿದ್ದಾರೆ. ನಾನು ನಮ್ಮ ಭಾಷೆಯಲ್ಲಿ ಮಾತಾಡಿದೆ, ಗಟ್ಟಿಯಾಗಿ, ಅಂದೆ, ಅದಕ್ಕೆ ಅವರಿಗೆ ಹೆದರಿಕೆ ಆಯ್ತು, ಬೇರೆ ಏನೂ ಆಗಲಿಲ್ಲ. ಪೆನ್ನು ನಿಂತಿತು. ಹಾಳೆಯನ್ನು ಮೇಲೆ ಕೆಳಗೆ ನೋಡಿದಳು, ನಡಿಗೆ, ಊಟ, ನಿದ್ದೆ, ಕೆಲಸ, ಇದಕ್ಕೆ ಇದರಲ್ಲಿ ಜಾಗ ಇಲ್ಲ, ಅಂದಳು, ಪಾಪ ಅವಳ ಕಿವಿ ಕೆಂಪಗಾಯಿತು, ಆಮೇಲೆ ಅಂಚಿನ ಬಿಳಿ ಜಾಗದಲ್ಲಿ ಸಣ್ಣಗೆ, ತುಂಬಾ ಹೊತ್ತು, ಏನೋ ಬರೆದಳು. ಮುಂದೆ ಓದಿ, ಅಂದಳು. ಒಂಬತ್ತೂ ಮೂವತ್ತು, ಬಸ್ ತೊಳೆದೆ, ನೂರ ಮೂವತ್ತಾರು. ಒಂದೂ ಹತ್ತು, ಡಬ್ಬಿ ತೆಗೆದೆ, ಎಲ್ಲರೂ ಇದ್ದರು, ಮುಚ್ಚಿದೆ, ನೂರ ಐವತ್ತೆಂಟು — ಅಂದರೆ ಊಟ ಮಾಡಿಲ್ಲ, ಸಂಜೆ ಖಾಲಿ ಡಬ್ಬಿ ತಂದರಲ್ಲ, ಎಲ್ಲಿ ಸುರಿದಿರಿ ಸ್ವಾಮೀ ನಾನು ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದನ್ನು, ಮನೆಗೆ ನಡೀರಿ ನೋಡ್ಕೋತೀನಿ.

ಈಗ ಇದು ನೋಡಿ, ಹುಡುಗಿಯ ಮುಖ ಅರಳಿದೆ, ಇಲ್ಲೂ ಒಂದು ಗುಂಡು ಗೆರೆ, ಹಸಿರು, ಆರೂ ಐವತ್ತು, ನೂರ ಹದಿನೆಂಟು, ಇಷ್ಟು ಚೆನ್ನಾಗಿ ನಿದ್ದೆಯಲ್ಲೂ ಬಂದಿಲ್ಲ, ಆಗ ಏನು ಮಾಡುತ್ತಿದ್ದರೋ ಅದನ್ನೇ ದಿನಾ ಮಾಡಲಿ, ಏನದು, ಧ್ಯಾನ ಏನಾದರೂ ಮಾಡ್ತಾರಾ. ಸರಾಸರಿ ನೋಡಿದರೆ ಮನೆಯಲ್ಲಿ ಸರಿ ಇದೆ, ಹೊರಗೆ ಹೆಚ್ಚು, ಅನ್ನುತ್ತಾಳೆ, ಮಾತ್ರೆ ಬೇಕೋ ಬೇಡವೋ ಡಾಕ್ಟರ್ ಹೇಳ್ತಾರೆ. ಹೋಯ್ತು, ಮನೆಯಲ್ಲಿ ಸರಿ ಹೊರಗೆ ಹೆಚ್ಚು, ಇದಕ್ಕೆ ಹೋಗುವುದು ಅನ್ನಬೇಕೋ ಇರುವುದು ಅನ್ನಬೇಕೋ, ತೋಳು ತೀರ್ಪು ಕೊಡುತ್ತದೆ ಅಂತ ಕೂತರೆ ತೋಳೇ ಕೈಕೊಟ್ಟಿತು. ಹಾಳೆ ಕಣ್ಣಿಗೆ ಹತ್ತಿರ ಹಿಡಿದೆ, ಅದೇ ಕೋಳಿಕಾಲು, ಆರೂ ಐವತ್ತು, ಇವಳು ಅಡುಗೆಮನೆಯಲ್ಲಿ ಮಿಕ್ಸಿಯ ಜೊತೆ ಜಗಳ ಆಡುತ್ತಿದ್ದಳು. ಮಿಕ್ಸಿ ಸೋತಿತು.

ಮಿಕ್ಸಿ ಸೋತಿತು. ಹೌದು, ಸೋತಿತು, ಮುಚ್ಚಳ ಕೂರಲಿಲ್ಲ, ನಿನ್ನ ಮುಖ ಮುಚ್ಚ, ನಿನ್ನನ್ನ ಮಾಡಿದೋನಿಗೆ ಕೈ ಇತ್ತಾ ಕಾಲಿತ್ತಾ ಅಂತ ಬೈದು ಒಂದು ಗುದ್ದು ಕೊಟ್ಟೆ, ಕೂತಿತು, ಹಾಲ್‌ನಲ್ಲಿ ಇವರು ಕೈ ಇಳಿಬಿಟ್ಟು ಗೋಡೆ ನೋಡುತ್ತಾ ಕಂಬದ ಹಾಗೆ ಕೂತಿದ್ದರು, ಈ ಮನುಷ್ಯನಿಗೆ ಏನೂ ಕೇಳಿಸುತ್ತಿಲ್ಲ, ಮುಗಿದುಹೋದ ಮನುಷ್ಯ ಅಂದುಕೊಂಡೆ, ಒಲೆ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡೆ — ಮುಗಿದಿಲ್ಲ, ಇದ್ದಾರೆ, ಒಳಗೆ ಕೂತು ಜೋಕು ಬರೆಯುತ್ತಿದ್ದಾರೆ, ನನ್ನ ಬೈಗುಳ ಕೇಳುತ್ತಾ ರಕ್ತ ಸಲೀಸಾಗಿ ಹರಿಯುತ್ತಿದೆ, ನೂರ ಹದಿನೆಂಟು, ಇಪ್ಪತ್ತರ ಹುಡುಗನ ಹಾಗೆ. ಧ್ಯಾನ ಅಂತೆ ಧ್ಯಾನ. ನಕ್ಕುಬಿಟ್ಟೆ, ಮೆಲ್ಲಗೆ ಅಲ್ಲ, ಮಗ್ಗಿಯ ಗಂಟಲಿನಲ್ಲಿ, ಹೊಟ್ಟೆ ಹಿಡಿದುಕೊಂಡು, ಅಯ್ಯೋ ನಿಮ್ಮ, ಮಿಕ್ಸಿ ಸೋಲ್ತಾ ರೀ, ಎಂದು ನಮ್ಮ ಭಾಷೆಯಲ್ಲೇ ಕೂಗಿದೆ, ಕುರ್ಚಿ ಕಿರ್ ಕಿರ್ ಕಿರ್, ಕೌಂಟರಿನವಳು ತಿರುಗಿದಳು, ಮುದುಕನ ಕೆಮ್ಮು ನಿಂತಿತು, ಎಲ್ಲರೂ ತಿರುಗಿ ನೋಡುತ್ತಿದ್ದಾರೆ, ಎಂಟು ಕಣ್ಣು, ಹತ್ತು ಕಣ್ಣು, ಈಗ ಬರುತ್ತದೆ, ಪರದೆಯ ಆಚೆಯಿಂದ, ಮೆಲ್ಲಗೆ ಕಣೇ, ಬರಲಿ, ಬಂದರೆ ಬರಲಿ — ಬರಲಿಲ್ಲ. ನೀಲಿ ಕಾಲುಚೀಲಗಳು ನೆಲಕ್ಕೆ ಇಳಿದಿವೆ, ಎರಡೂ ಪಾದ ಅಗಲವಾಗಿ, ಅಲ್ಲಾಡುವ ಬಸ್ಸಿನಲ್ಲಿ ನಿಲ್ಲುವವರ ಹಾಗೆ. ಸಂದಿಯಲ್ಲಿ ಆ ಕೈ, ಮಂಚದ ಕಬ್ಬಿಣದ ಮೇಲೆ, ಎದ್ದಿದೆ, ನಾಲ್ಕು ಬೆರಳು ಒಳಗೆ ಹೋದವು, ತೋರುಬೆರಳು ಮಡಚಿತು, ಗೆಣ್ಣು, ಅದೇ ಜಡ್ಡು.

ಟಕ್.

ಒಂದು. ಬೆರಳು ಮತ್ತೆ ಮೇಲೆದ್ದಿದೆ, ಮಡಚಿದ ಹಾಗೇ ಇದೆ, ಎರಡು ಅಂದರೆ ಹೊರಡು, ಒಂದು ಅಂದರೆ ನಿಲ್ಲಿಸು, ನಮ್ಮ ಸ್ಟಾಪು ಇದೇ — ಹುಡುಗಿ ಏನೋ ಕೇಳುತ್ತಿದ್ದಾಳೆ, ತಡಿಯಮ್ಮ, ಸುಮ್ಮನಿರು ಒಂದು ನಿಮಿಷ — ಇಳಿಯಲಿಲ್ಲ, ಇನ್ನೂ ಇಳಿಯಲಿಲ್ಲ, ಕಬ್ಬಿಣಕ್ಕಿಂತ ಒಂದು ಗೇಣು ಮೇಲೆ, ಗೆಣ್ಣು, ಮಡಚಿದ ಗೆಣ್ಣು